ಕೋಚ್ ಹುಡುಗರನ್ನು ಬೆಳೆಸುತ್ತಾರಾ? ಕಂಠೀರವದ ಹಳೇ ಜಗಳವನ್ನು ಬಿಡಿಸಿ ನೋಡೋಣ

2023ರ ಮಾರ್ಚ್ 18, ಗೋವಾದ ಫಟೋರ್ಡಾ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ). ಆಟ ಶುರುವಾದಾಗ ಸುನಿಲ್ ಛೆಟ್ರಿ ಬೆಂಚಿನಲ್ಲಿದ್ದರು. ಮುಂದಿನ ಸಾಲಿನಲ್ಲಿ ರಾಯ್ ಕೃಷ್ಣ ಜೊತೆಗಿದ್ದವನು 21 ವರ್ಷದ ಶಿವಶಕ್ತಿ ನಾರಾಯಣನ್. ಕೆಲವೇ ನಿಮಿಷಗಳಲ್ಲಿ ಹುಡುಗನಿಗೆ ಪೆಟ್ಟಾಯಿತು. ಮುಂದೆ ಆಡಲು ಆಗಲಿಲ್ಲ. ಆ ಜಾಗಕ್ಕೆ 38 ವರ್ಷದ ಛೆಟ್ರಿ ಬಂದರು.

ಪಂದ್ಯ 2-2ರಲ್ಲಿ ನಿಂತಿತು. ನಮ್ಮ ಎರಡು ಗೋಲುಗಳಲ್ಲಿ ಒಂದು ಛೆಟ್ರಿಯದು, ಇನ್ನೊಂದು ಕೃಷ್ಣನದು. ಪೆನಾಲ್ಟಿ ಶೂಟೌಟ್‌ನಲ್ಲಿ 4-3ರಿಂದ ಸೋತೆವು.

ಅವತ್ತಿನಿಂದ ಒಂದು ಜಗಳ ಇನ್ನೂ ಮುಗಿದಿಲ್ಲ. "ಫೈನಲ್‌ನಲ್ಲಿ ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸೋದಾ?" ಅಂತ ಅರ್ಧ ಜನ ಕೇಳುತ್ತಾರೆ. "ಹುಡುಗನನ್ನು ನಂಬಿದ್ದೇ ಸರಿ, ಅವನು ಉಳಿದಿದ್ದರೆ ಗೆಲ್ಲುತ್ತಿದ್ದೆವು" ಅಂತ ಇನ್ನರ್ಧ ಜನ ಹೇಳುತ್ತಾರೆ. ಕಂಠೀರವದ ಮೆಟ್ಟಿಲುಗಳ ಮೇಲೆ, ಪಂದ್ಯ ಮುಗಿದ ಮೇಲೆ ಮೆಟ್ರೋದಲ್ಲಿ, ಟೀ ಅಂಗಡಿ ಮುಂದೆ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೋಚ್ ಬದಲಾಗುತ್ತಾರೆ, ಹುಡುಗರ ಹೆಸರು ಬದಲಾಗುತ್ತದೆ. ಜಗಳ ಮಾತ್ರ ಅದೇ.

ಈ ಜಗಳ ನನಗೆ ತುಂಬಾ ಇಷ್ಟ. ತಂಡದ ಮೇಲೆ ಪ್ರೀತಿ ಇಲ್ಲದವರು ಇಷ್ಟು ಜಗಳ ಆಡುವುದಿಲ್ಲ. ಆದರೆ ನಾವು ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಗಂಟು ಹಾಕಿಬಿಡುತ್ತೇವೆ. ಕೋಚ್ ತಂಡವನ್ನು ಆಡಿಸುವ ರೀತಿ ಸರಿ ಇದೆಯಾ ಅನ್ನುವುದು ಒಂದು. ಆತ ಹುಡುಗರನ್ನು ಬೆಳೆಸುತ್ತಿದ್ದಾರಾ ಅನ್ನುವುದು ಇನ್ನೊಂದು. ಆಮೇಲೆ ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು ಅನ್ನುವ ಹಾಗೆ ಮಾತಾಡುತ್ತೇವೆ. ಗೆಲ್ಲಬೇಕಾ, ಹಳಬರನ್ನು ಆಡಿಸಿ. ಬೆಳೆಸಬೇಕಾ, ಸೋಲಿಗೆ ಸಿದ್ಧರಾಗಿ.

ವಿಷಯ ಅಷ್ಟು ಸರಳವಿಲ್ಲ. ಬಿಎಫ್‌ಸಿಯ ಇಷ್ಟು ವರ್ಷಗಳ ಕಥೆಯನ್ನೇ ಹಿಡಿದು ನೋಡಿದರೆ ಬೇರೆ ಒಂದು ಸಂಗತಿ ಕಾಣುತ್ತದೆ. ಹುಡುಗ ಬೆಳೆಯುವುದು ಕೋಚ್ ದೊಡ್ಡ ಮನಸ್ಸು ಮಾಡಿದ್ದರಿಂದ ಅಲ್ಲ. ಕೋಚ್‌ನ ಆಟದ ಕ್ರಮದಲ್ಲಿ ಆ ಹುಡುಗನಿಗೆ ಒಂದು ಸ್ಪಷ್ಟವಾದ ಕೆಲಸ ಇದ್ದಾಗ ಅವನು ಬೆಳೆಯುತ್ತಾನೆ. ಕೆಲಸ ಇಲ್ಲದಿದ್ದರೆ ಎಷ್ಟು ಪ್ರತಿಭೆ ಇದ್ದರೂ ಬೆಂಚೇ ಗತಿ.

ಮೊದಲು ತಂತ್ರದ ವಿಷಯ. ಟಿವಿಯಲ್ಲಿ ಪಂದ್ಯಕ್ಕೆ ಮುಂಚೆ 4-3-3, 3-5-2 ಅಂತ ಸಂಖ್ಯೆ ತೋರಿಸುತ್ತಾರಲ್ಲ, ಅದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಗೋಲ್‌ಕೀಪರ್‌ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 4-3-3 ಅಂದರೆ ನಾಲ್ಕು ಡಿಫೆಂಡರ್, ಮೂರು ಮಿಡ್‌ಫೀಲ್ಡರ್, ಮುಂದೆ ಮೂವರು. ಕ್ರಿಕೆಟ್‌ನಲ್ಲಿ ಫೀಲ್ಡ್ ಸೆಟ್ ಮಾಡಿದ ಹಾಗೆ ಇದು, ಆದರೆ ಒಂದು ವ್ಯತ್ಯಾಸವಿದೆ. ಕ್ರಿಕೆಟ್‌ನಲ್ಲಿ ಚೆಂಡು ಎಸೆಯುವ ತನಕ ಫೀಲ್ಡರ್ ತನ್ನ ಜಾಗದಲ್ಲಿರುತ್ತಾನೆ. ಫುಟ್‌ಬಾಲ್‌ನಲ್ಲಿ ಆ ಸಂಖ್ಯೆ ಮೊದಲ ಸೀಟಿ ಊದುವ ತನಕ ಮಾತ್ರ ನಿಜ. ಆಮೇಲೆ ಚೆಂಡು ನಮ್ಮ ಹತ್ತಿರ ಇದ್ದಾಗ ಒಂದು ಆಕಾರ, ಎದುರಾಳಿ ಹತ್ತಿರ ಇದ್ದಾಗ ಇನ್ನೊಂದು ಆಕಾರ.

3-5-2 ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೆ ಮೂವರು ಡಿಫೆಂಡರ್. ನಡುವಿನ ಐವರಲ್ಲಿ ಇಬ್ಬರು ಎರಡು ಬದಿಯ ಗೆರೆ ಹಿಡಿದು ಆಡುತ್ತಾರೆ. ಇವರೇ ವಿಂಗ್‌ಬ್ಯಾಕ್. ನಮ್ಮ ಹತ್ತಿರ ಚೆಂಡಿದ್ದಾಗ ಮುಂದೆ ಓಡಿ ದಾಳಿಗೆ ಸೇರಬೇಕು. ಚೆಂಡು ಕಳೆದುಕೊಂಡ ತಕ್ಷಣ ಅಷ್ಟೇ ದೂರ ಹಿಂದಕ್ಕೆ ಓಡಿ ಡಿಫೆಂಡರ್ ಆಗಬೇಕು. ಆಗ ಹಿಂದಿನ ಸಾಲಿನಲ್ಲಿ ಮೂವರಲ್ಲ, ಐವರು. ಮೈದಾನದಲ್ಲಿ ಅತಿ ಹೆಚ್ಚು ಓಡಬೇಕಾದ ಜಾಗಗಳಲ್ಲಿ ಇದೂ ಒಂದು. ಇದಕ್ಕೆ ಎಳೆಯ ಕಾಲು ಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನೊಂದು ಪದ ಪ್ರೆಸ್ಸಿಂಗ್. ಎದುರಾಳಿ ಹತ್ತಿರ ಚೆಂಡಿದ್ದಾಗ ಕಾಯುತ್ತಾ ನಿಲ್ಲದೆ ನುಗ್ಗಿ ಒತ್ತಡ ಹಾಕುವುದು. ಇದನ್ನು ಅರ್ಥ ಮಾಡಿಕೊಳ್ಳಲು ಕಬಡ್ಡಿ ನೋಡಿದವರಿಗೆ ಕಷ್ಟವಿಲ್ಲ. ರೈಡರ್ ಒಳಗೆ ಬಂದಾಗ ಡಿಫೆಂಡರ್‌ಗಳು ಕೈ ಕೈ ಹಿಡಿದು ಸರಪಳಿ ಮಾಡುತ್ತಾರೆ. ಒಬ್ಬ ಅವಸರ ಮಾಡಿ ಮೊದಲೇ ಹಾರಿದರೆ ಸರಪಳಿ ಕಿತ್ತುಹೋಗುತ್ತದೆ, ರೈಡರ್ ಪಾರಾಗುತ್ತಾನೆ. ಫುಟ್‌ಬಾಲ್‌ನಲ್ಲೂ ಹಾಗೇ. ಹತ್ತು ಜನ ಒಟ್ಟಿಗೆ ಮುಂದೆ ಸರಿಯಬೇಕು. ಒಬ್ಬ ಎರಡು ಕ್ಷಣ ತಡ ಮಾಡಿದರೆ ಅವನ ಹಿಂದೆ ಖಾಲಿ ಜಾಗ ಹುಟ್ಟುತ್ತದೆ. ಎದುರಾಳಿ ಒಂದೇ ಪಾಸ್‌ನಲ್ಲಿ ಅಲ್ಲಿಗೆ ಬರುತ್ತಾನೆ.

ಕೋಚ್‌ಗಳು ಹುಡುಗರ ವಿಷಯದಲ್ಲಿ ಹಿಂದೆ ಮುಂದೆ ನೋಡುವುದು ಇಲ್ಲೇ. ನಮಗೆ ಹುಡುಗನ ಓಟ ಕಾಣುತ್ತದೆ, ಡ್ರಿಬಲ್ ಕಾಣುತ್ತದೆ, ಶಾಟ್ ಕಾಣುತ್ತದೆ. ಕೋಚ್‌ಗೆ ಕಾಣುವುದು ಚೆಂಡು ಕಾಲಲ್ಲಿ ಇಲ್ಲದ ಹೊತ್ತು. ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು, ಯಾರನ್ನು ಬಿಡಬೇಕು ಅನ್ನುವ ಲೆಕ್ಕಾಚಾರ. ಅದು ಕೋಚಿಂಗ್ ಮೈದಾನದಲ್ಲಿ ಸ್ವಲ್ಪ ಬರುತ್ತದೆ. ಹೆಚ್ಚಾಗಿ ಪಂದ್ಯ ಆಡಿಯೇ ಬರಬೇಕು. ಪಂದ್ಯ ಸಿಗಬೇಕಾದರೆ ಅದು ಮೊದಲೇ ಗೊತ್ತಿರಬೇಕು ಅಂತ ಕೋಚ್ ಬಯಸುತ್ತಾರೆ. ಕೆಲಸ ಸಿಗಲು ಅನುಭವ ಬೇಕು, ಅನುಭವ ಬರಲು ಕೆಲಸ ಬೇಕು. ಓದು ಮುಗಿಸಿ ಕೆಲಸ ಹುಡುಕಿದವರಿಗೆಲ್ಲ ಈ ಸಂಕಟ ಗೊತ್ತು ಅಲ್ವಾ?

ಈಗ ಬಿಎಫ್‌ಸಿ ಕಥೆಗೆ ಬರೋಣ.

2013ರಲ್ಲಿ ಹುಟ್ಟಿದ ಕ್ಲಬ್ ಆಶ್ಲೇ ವೆಸ್ಟ್‌ವುಡ್ ಕೈಕೆಳಗೆ ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. ಆಮೇಲೆ ಬಂದವರು ಬಾರ್ಸಿಲೋನಾದಲ್ಲಿ ಕೆಲಸ ಮಾಡಿದ್ದ ಆಲ್ಬರ್ಟ್ ರೋಕಾ. 2016ರಲ್ಲಿ ಅವರ ತಂಡ ಏಷ್ಯಾದ ಕ್ಲಬ್‌ಗಳು ಆಡುತ್ತಿದ್ದ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯ ತನಕ ಹೋಗಿರಲಿಲ್ಲ. ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 1-0ಯಿಂದ ಸೋತೆವು. ಸೆಮಿಫೈನಲ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿದ ರಾತ್ರಿಯನ್ನು ಈಗಲೂ ಕಣ್ಣರಳಿಸಿ ಹೇಳುವವರಿದ್ದಾರೆ.

ರೋಕಾ ನಂತರ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದರು. 2018-19ರಲ್ಲಿ ಐಎಸ್‌ಎಲ್ ಟ್ರೋಫಿ ತಂದರು. ಮುಂಬೈನಲ್ಲಿ ನಡೆದ ಆ ಫೈನಲ್‌ನಲ್ಲಿ ಎಫ್‌ಸಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಹೊಡೆದರು, ರಾಹುಲ್ ಭೆಕೆ ತಲೆ ಕೊಟ್ಟರು, 1-0. ಆ ಒಂದು ಗೋಲಿನಲ್ಲಿ ಕ್ವಾದ್ರಾತ್ ಅವರ ತಂಡದ ಗುಣ ಪೂರ್ತಿ ಇತ್ತು. ಗಟ್ಟಿ ಡಿಫೆನ್ಸ್, ತಾಳ್ಮೆ, ಕಾರ್ನರ್ ಫ್ರೀ ಕಿಕ್‌ಗಳಲ್ಲಿ ಮಾರಕ. ಮುಂದಿನ ವರ್ಷ ಅಭಿಮಾನಿಗಳು ಇದನ್ನೇ ದೂರಿನ ಹಾಗೆ ಹೇಳತೊಡಗಿದರು. ಕಾರ್ನರ್ ಬಿಟ್ಟರೆ ಗೋಲು ಎಲ್ಲಿ ಅಂತ. ಗೆದ್ದಾಗ ಶಕ್ತಿ ಅನಿಸಿದ್ದು ಗೆಲುವು ನಿಂತಾಗ ದೌರ್ಬಲ್ಯ ಅನಿಸುವುದು ಎಲ್ಲ ಕೋಚ್‌ಗಳ ಪಾಡು.

ಕ್ವಾದ್ರಾತ್ ಕಾಲದಲ್ಲೇ ಒಬ್ಬ ಹುಡುಗ ತಂಡಕ್ಕೆ ಬಂದ. ಮಣಿಪುರದ ಸುರೇಶ್ ವಾಂಗ್ಜಾಮ್. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದವನು. 2019ರಲ್ಲಿ ಬಿಎಫ್‌ಸಿ ಸೇರಿದ. ಮಿಡ್‌ಫೀಲ್ಡ್‌ನಲ್ಲಿ ಜಾಗ ಸಿಕ್ಕಿತು. 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದರು, ನೌಶಾದ್ ಮೂಸಾ ತಾತ್ಕಾಲಿಕವಾಗಿ ಬಂದರು, ಸುರೇಶ್ ಆಡಿದ. ಮಾರ್ಕೊ ಪೆಜ್ಜಾಯುವೋಲಿ ಬಂದರು, ಸುರೇಶ್ ಆಡಿದ. ಸೈಮನ್ ಗ್ರೇಸನ್ ಬಂದರು, ಸುರೇಶ್ ಆಡಿದ. ಜೆರಾರ್ಡ್ ಸರಗೋಸಾ ಬಂದರು, ಆಗಲೂ ಸುರೇಶ್ ಆಡಿದ. ಐದು ಕೋಚ್‌ಗಳು, ಐದು ಬಗೆಯ ಯೋಚನೆ, ಆದರೆ ಹುಡುಗ ಅಲ್ಲೇ.

ಯಾಕೆ? ಎಲ್ಲರಿಗಿಂತ ಪ್ರತಿಭಾವಂತ ಅಂತ ಮಾತ್ರ ಹೇಳಿದರೆ ಉತ್ತರ ಪೂರ್ತಿ ಆಗುವುದಿಲ್ಲ. ಅವನು ಮಾಡುವ ಕೆಲಸ ಎಲ್ಲ ಕೋಚ್‌ಗಳಿಗೂ ಬೇಕು. ಮಧ್ಯದಲ್ಲಿ ಓಡಾಡುತ್ತಾ ಚೆಂಡು ಕಸಿಯುವುದು, ಕಸಿದು ಸರಳವಾಗಿ ಪಾಸ್ ಕೊಡುವುದು, ಪ್ರೆಸ್ಸಿಂಗ್‌ನ ಸರಪಳಿ ಕಡಿಯದ ಹಾಗೆ ನೋಡಿಕೊಳ್ಳುವುದು. 4-3-3 ಆದರೂ ಸರಿ, 3-5-2 ಆದರೂ ಸರಿ, ಈ ಕೆಲಸಕ್ಕೆ ಒಬ್ಬ ಬೇಕೇ ಬೇಕು. ಯಾವ ಊರಿಗೆ ಹೋದರೂ ಅನ್ನ ಸಿಗುವ ಕಸುಬು ಅದು.

ಪೆಜ್ಜಾಯುವೋಲಿ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಅಭಿಮಾನಿಗಳು ಅವರನ್ನು ಬೇಗ ಮರೆತರು ಅನ್ನುವುದು ನನ್ನ ಕೊರಗು. ಹುಡುಗರನ್ನು ಬೆಳೆಸುವುದೇ ಅವರ ಕಸುಬು. ಜರ್ಮನಿಯ 17 ವರ್ಷದೊಳಗಿನವರ ತಂಡಕ್ಕೆ ಕೋಚ್ ಆಗಿ 2009ರಲ್ಲಿ ಯುರೋಪ್ ಚಾಂಪಿಯನ್ ಪಟ್ಟ ಗೆದ್ದವರು. ಮಾರಿಯೊ ಗೋಟ್ಸೆ, ಟೆರ್ ಸ್ಟೇಗನ್ ಅಂಥವರು ಆ ತಂಡದಲ್ಲಿದ್ದರು. ಇಲ್ಲಿ 2021-22ರಲ್ಲಿ ರೋಶನ್ ಸಿಂಗ್ ನವೊರೆಮ್‌ಗೆ ಬದಿಯಲ್ಲಿ ಖಾಯಂ ಜಾಗ ಕೊಟ್ಟರು. ಅವನು ಆ ವರ್ಷ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಗೆದ್ದ. ತಂಡ ಮಾತ್ರ ಆರನೇ ಸ್ಥಾನಕ್ಕೆ ನಿಂತಿತು. ಸೆಮಿಫೈನಲ್‌ಗೆ ಹೋಗಲಿಲ್ಲ. ಕೋಚ್ ಮನೆಗೆ ಹೋದರು.

ಮುಂದಿನ ವರ್ಷ ಗ್ರೇಸನ್ ಬಂದು 3-5-2 ಆಡಿಸಿದರು. ವಿಂಗ್‌ಬ್ಯಾಕ್ ಜಾಗಕ್ಕೆ ಎಳೆಯ ಕಾಲು ಬೇಕು ಅಂದೆನಲ್ಲ. ಹಿಂದಿನ ವರ್ಷ ಬೆಳೆದ ರೋಶನ್ ಸಿದ್ಧವಾಗಿದ್ದ. ತಂಡ ಡ್ಯುರಾಂಡ್ ಕಪ್ ಗೆದ್ದಿತು, ಐಎಸ್‌ಎಲ್ ಫೈನಲ್ ತಲುಪಿತು, ಸೂಪರ್ ಕಪ್ ಫೈನಲ್ಲೂ ತಲುಪಿತು. ನಾಟಿ ಮಾಡಿದವರು ಒಬ್ಬರು, ಕೊಯ್ಲಿಗೆ ಬಂದವರು ಇನ್ನೊಬ್ಬರು. ಗ್ರೇಸನ್ ಸಾಧನೆಯನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಇಲ್ಲಿ ಎರಡು ಗಡಿಯಾರ ಓಡುತ್ತವೆ ಅಂತ ತೋರಿಸಲು ಹೇಳುತ್ತಿದ್ದೇನೆ. ಕೋಚ್ ಕೆಲಸದ ಗಡಿಯಾರ ಸೋತ ಪಂದ್ಯಗಳನ್ನು ಎಣಿಸುತ್ತದೆ. ಹುಡುಗ ಬೆಳೆಯುವ ಗಡಿಯಾರ ವರ್ಷಗಳನ್ನು ಎಣಿಸುತ್ತದೆ. ಮೊದಲನೆಯದು ನಿಂತುಹೋದರೂ ಎರಡನೆಯದು ಓಡುತ್ತಿರುತ್ತದೆ, ಅದರ ಲಾಭ ಮುಂದೆ ಬಂದವರಿಗೆ.

ನಮ್ಮ ಲೀಗ್‌ನಲ್ಲಿ ಮೊದಲ ಗಡಿಯಾರ ಇನ್ನೂ ಜೋರಾಗಿ ಓಡುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಂಡಕ್ಕೆ 38 ಪಂದ್ಯ. ಐಎಸ್‌ಎಲ್‌ನಲ್ಲಿ 2022-23ರಲ್ಲಿ ಲೀಗ್ ಹಂತದಲ್ಲಿ ಇದ್ದದ್ದು 20. 2024-25ರಲ್ಲಿ 24. 20 ಪಂದ್ಯಗಳಲ್ಲಿ ಸತತ ನಾಲ್ಕು ಸೋತರೆ ಸೀಸನ್‌ನ ಐದನೇ ಒಂದು ಭಾಗ ಕೈಬಿಟ್ಟ ಹಾಗೆ. ಇಷ್ಟು ಕಿರಿದಾದ ಗದ್ದೆಯಲ್ಲಿ ಪ್ರಯೋಗಕ್ಕೆ ಅಂತ ಎರಡು ಸಾಲು ಬಿಡಲು ಯಾರಿಗೆ ಧೈರ್ಯ ಬಂದೀತು?

ಈಗ ಶಿವಶಕ್ತಿ ವಿಷಯ. ಜಗಳದ ಹೃದಯ ಇದೇ.

ಶಿವಶಕ್ತಿ ಒಂದೇ ದಿನದಲ್ಲಿ ಗ್ರೇಸನ್ ಕಣ್ಣಿಗೆ ಬಿದ್ದವನಲ್ಲ. 2022ರಲ್ಲಿ ಯುವ ಆಟಗಾರರಿಗಾಗಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಶುರುವಾಯಿತು. ಮೊದಲ ವರ್ಷ ಅದನ್ನು ಗೆದ್ದದ್ದು ಬಿಎಫ್‌ಸಿ ಹುಡುಗರು. ಆ ತಂಡದಲ್ಲಿ ಶಿವಶಕ್ತಿ ಇದ್ದ. ರಿಸರ್ವ್ ತಂಡವನ್ನು ವರ್ಷಗಟ್ಟಲೆ ನೋಡಿಕೊಂಡವರು ನೌಶಾದ್ ಮೂಸಾ. ಮುಖ್ಯ ಕೋಚ್‌ಗಳ ಹೆಸರು ಹಿಡಿದು ನಾವು ಗಂಟಲು ಹರಿಯುವ ಹಾಗೆ ಕೂಗಾಡುತ್ತೇವೆ. ಮೂಸಾ ಅವರ ಹೆಸರು ಆ ಜಗಳದಲ್ಲಿ ಬರುವುದೇ ಅಪರೂಪ. ಹುಡುಗರನ್ನು ಬೆಳೆಸುವ ಕೆಲಸದ ದೊಡ್ಡ ಪಾಲು ನಡೆಯುವುದು ಅಲ್ಲಿ, ಗ್ಯಾಲರಿ ಖಾಲಿ ಇರುವ ಮೈದಾನಗಳಲ್ಲಿ. ಮುಂದೆ ಅವರೇ ಭಾರತದ 23 ವರ್ಷದೊಳಗಿನವರ ತಂಡಕ್ಕೆ ಕೋಚ್ ಆದರು. ಬಳ್ಳಾರಿ ಜಿಲ್ಲೆಯಲ್ಲಿ ಕ್ಲಬ್‌ನ ವಸತಿ ಅಕಾಡೆಮಿ ಇದೆ. ಅಲ್ಲಿನ ಕೋಚ್‌ಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2022-23ರ ಸೀಸನ್ ಶುರುವಿನಲ್ಲಿ ಗ್ರೇಸನ್ ತಂಡ ಸೋಲುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಛೆಟ್ರಿ, ಕೃಷ್ಣ. ಇಬ್ಬರೂ ದೊಡ್ಡ ಆಟಗಾರರು. ಆದರೆ ಇಬ್ಬರೂ ಚೆಂಡನ್ನು ಕಾಲಿಗೆ ಬಯಸಿದರೆ ಡಿಫೆಂಡರ್‌ಗಳ ಬೆನ್ನ ಹಿಂದೆ ಓಡುವವರು ಯಾರು? ಶಿವಶಕ್ತಿಗೆ ಕೆಲಸ ಹುಟ್ಟಿದ್ದು ಇಲ್ಲಿ. ಅವನು ಸುಮ್ನೆ ನಿಲ್ಲುವವನಲ್ಲ. ಪಾಸ್ ಬರಲಿ ಬಿಡಲಿ, ಖಾಲಿ ಜಾಗಕ್ಕೆ ಓಡುತ್ತಲೇ ಇರುತ್ತಾನೆ. ಅವನ ಹಿಂದೆ ಎದುರಾಳಿ ಡಿಫೆಂಡರ್ ಓಡಬೇಕು. ಡಿಫೆಂಡರ್ ಓಡಿದರೆ ಕೃಷ್ಣನಿಗೆ ಜಾಗ. ಓಡದಿದ್ದರೆ ಶಿವಶಕ್ತಿಗೇ ಗೋಲು. ಇಬ್ಬರು ಡಿಫೆಂಡರ್‌ಗಳ ನಡುವೆ ಗೊಂದಲ ಎಬ್ಬಿಸುವ ಜೋಡಿ ಅದು.

ತಂಡ ಲೀಗ್‌ನಲ್ಲಿ ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಏರಿತು. ಆ ವರ್ಷ ಉದಯೋನ್ಮುಖ ಆಟಗಾರ ಪ್ರಶಸ್ತಿ ಶಿವಶಕ್ತಿಗೆ ಬಂತು. ಎರಡು ವರ್ಷ ಸತತವಾಗಿ ಆ ಪ್ರಶಸ್ತಿ ಒಂದೇ ಕ್ಲಬ್‌ಗೆ ಬಂದಿತ್ತು, ಇಬ್ಬರು ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ. ಛೆಟ್ರಿ ಈ ಹೊತ್ತಿನಲ್ಲಿ ಬೆಂಚಿನಿಂದ ಬರುತ್ತಿದ್ದರು. ಬಂದಾಗಲೂ ಕೆಲಸ ಮಾಡಿದರು. ಕೇರಳ ಬ್ಲಾಸ್ಟರ್ಸ್ ಎದುರಿನ ನಾಕೌಟ್ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದು ಅವರೇ. ಕೇರಳ ತಂಡ ಮೈದಾನ ಬಿಟ್ಟು ಹೋಯಿತು, ನೆನಪಿದೆ ಅಲ್ವಾ?

ಹಾಗಾಗಿ ಗ್ರೇಸನ್ ಛೆಟ್ರಿಗೆ ಅವಮಾನ ಮಾಡಿದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹುಡುಗನಿಗೆ ಉಪಕಾರ ಮಾಡಿದರು ಅನ್ನುವುದನ್ನೂ ಒಪ್ಪುವುದಿಲ್ಲ. ಎರಡು ಸ್ಟ್ರೈಕರ್ ಇರುವ ಆಟಕ್ಕೆ ಒಬ್ಬ ಓಡುವವನು ಬೇಕಿತ್ತು. ಗೆಲ್ಲಲಿಕ್ಕೇ ಹುಡುಗನನ್ನು ಆಡಿಸಿದರು. ತಂತ್ರವೇ ಹುಡುಗನನ್ನು ಬೆಳೆಸಿತು.

ಆದರೆ ಅದೇ ತಂತ್ರ ಹೋದಾಗ ಏನಾಯಿತು ನೋಡಿ. 2023ರ ಬೇಸಿಗೆಯಲ್ಲಿ ಕೃಷ್ಣ ಒಡಿಶಾಗೆ ಹೋದರು. ಸಂದೇಶ್ ಝಿಂಗಾನ್, ಉದಾಂತ ಸಿಂಗ್ ಗೋವಾಗೆ ಹೋದರು. ತಂಡ ತತ್ತರಿಸಿತು. ಡಿಸೆಂಬರ್‌ನಲ್ಲಿ ಗ್ರೇಸನ್ ಕೂಡ ಹೋದರು, ಸರಗೋಸಾ ಬಂದರು. ಆ ಸೀಸನ್ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಶಿವಶಕ್ತಿಯ ಹಿಂದಿನ ಹೊಳಪು ಕಾಣಲಿಲ್ಲ. "ಒಂದು ಸೀಸನ್ ಮಿಂಚಿ ಮಾಯವಾದ" ಅಂತ ಜನ ಮಾತಾಡಿದರು. ನನಗೆ ಆ ಮಾತು ಕೇಳಿ ಬೇಜಾರಾಗುತ್ತಿತ್ತು. ಹುಡುಗ ಬದಲಾಗಿರಲಿಲ್ಲ, ಅವನ ಕೆಲಸ ಮಾಯವಾಗಿತ್ತು. ಜೊತೆಗಾರ ಇಲ್ಲ. ಇಬ್ಬರು ಸ್ಟ್ರೈಕರ್‌ಗಳ ಆಟ ನಿಂತರೆ ಮುಂದೆ ಒಬ್ಬನೇ ಉಳಿಯುತ್ತಾನೆ. ಆ ಒಬ್ಬ ಎದುರಾಳಿಗೆ ಬೆನ್ನು ಕೊಟ್ಟು ನಿಂತು, ದೊಡ್ಡ ಡಿಫೆಂಡರ್‌ಗಳ ತಳ್ಳಾಟ ತಡೆದು, ಚೆಂಡು ಹಿಡಿದಿಡಬೇಕು. ಓಡುವ ಹುಡುಗನ ಕೆಲಸವಲ್ಲ ಅದು. ಬದಿಗೆ ಹಾಕಿದರೆ ಅಲ್ಲಿ ಬೇರೆಯೇ ಕಲೆ ಬೇಕು. ಮೇಲಾಗಿ ಎರಡನೇ ವರ್ಷಕ್ಕೆ ಎದುರಾಳಿ ಕೋಚ್‌ಗಳು ವಿಡಿಯೋ ನೋಡಿ ಅವನ ಓಟದ ಜಾಡು ಕಂಡುಹಿಡಿದಿರುತ್ತಾರೆ.

ಸುರೇಶ್‌ಗೂ ಶಿವಶಕ್ತಿಗೂ ಇರುವ ವ್ಯತ್ಯಾಸ ಪ್ರತಿಭೆಯದಲ್ಲ. ಒಬ್ಬನ ಕೆಲಸ ಎಲ್ಲ ಕೋಚ್‌ಗಳ ಆಟದಲ್ಲೂ ಇದೆ, ಇನ್ನೊಬ್ಬನದು ಒಂದು ಬಗೆಯ ಆಟದಲ್ಲಿ ಮಾತ್ರ. ಕ್ಲಬ್ ಎರಡು ಮೂರು ವರ್ಷಕ್ಕೊಮ್ಮೆ ಆಟದ ಕ್ರಮವನ್ನೇ ಬದಲಿಸುವ ಕೋಚ್‌ಗಳನ್ನು ತಂದರೆ ಎರಡನೇ ಬಗೆಯ ಹುಡುಗರು ನಲುಗುತ್ತಾರೆ. ಈ ಪ್ರಶ್ನೆಯನ್ನು ಕೇಳಬೇಕಾದ್ದು ಕೋಚ್‌ಗಲ್ಲ, ಕೋಚ್‌ನನ್ನು ಆರಿಸುವವರಿಗೆ. ಗ್ಯಾಲರಿಯಲ್ಲಿ ಕೂಗುವಾಗ ನಾವು ಆ ಕಡೆ ತಿರುಗುವುದೇ ಇಲ್ಲ.

ಮುಂದಿನ ಸಾಲಿನ ಜಾಗಕ್ಕೆ ಇನ್ನೊಂದು ತೊಡಕಿದೆ. ಐಎಸ್‌ಎಲ್ ಶುರುವಾದ 2014ರಲ್ಲಿ ಮೈದಾನದಲ್ಲಿ ಕನಿಷ್ಠ ಐವರು ಭಾರತೀಯರು ಇದ್ದರೆ ಸಾಕಿತ್ತು. 2017-18ರಲ್ಲಿ ಅದು ಆರಾಯಿತು, 2021-22ರಲ್ಲಿ ಏಳಾಯಿತು. ಅಂದರೆ ವಿದೇಶಿಯರು ಆರರಿಂದ ನಾಲ್ಕಕ್ಕೆ ಇಳಿದರು. ಒಳ್ಳೆಯ ಬದಲಾವಣೆ. ಆದರೆ ಆ ನಾಲ್ವರನ್ನು ಎಲ್ಲಿ ನಿಲ್ಲಿಸುತ್ತಾರೆ? ಮೈದಾನದ ಬೆನ್ನುಮೂಳೆಯಲ್ಲಿ. ಒಬ್ಬ ಸೆಂಟರ್ ಬ್ಯಾಕ್, ನಡುವೆ ಒಬ್ಬಿಬ್ಬರು, ಮುಂದೆ ಸ್ಟ್ರೈಕರ್. ಭಾರತೀಯ ಹುಡುಗರಿಗೆ ಸಿಗುವುದು ಹೆಚ್ಚಾಗಿ ಬದಿಗಳು. ರೋಶನ್, ಉದಾಂತ ಬೆಳೆದದ್ದು ಬದಿಯಲ್ಲೇ. 2024-25ರ ತನಕ ಐಎಸ್‌ಎಲ್‌ನ ಯಾವ ಸೀಸನ್‌ನಲ್ಲೂ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಭಾರತೀಯನಿಗೆ ಬಂದಿಲ್ಲ. ಛೆಟ್ರಿ ನಂತರ ಯಾರು ಅನ್ನುವ ಪ್ರಶ್ನೆಗೆ ಹದಿನೈದು ವರ್ಷದಿಂದ ಉತ್ತರ ಹುಡುಕುತ್ತಿದ್ದೇವೆ, ಆದರೆ ಆ ಜಾಗದಲ್ಲಿ ಹುಡುಗರನ್ನು ನಿಲ್ಲಿಸುವುದೇ ಇಲ್ಲ.

ಇದರ ಫಲ 2025ರಲ್ಲಿ ಕಣ್ಣಿಗೆ ರಾಚಿತು. 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ಛೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದ್ದರು. ಕ್ಲಬ್‌ಗೆ ಆಡುತ್ತಾ ಹೋದರು. ಸರಗೋಸಾ ಕೈಕೆಳಗೆ 2024-25ರ ಸೀಸನ್‌ನಲ್ಲಿ 14 ಗೋಲು ಹೊಡೆದರು. ಲೀಗ್‌ನ ಭಾರತೀಯರಲ್ಲಿ ಅವರದೇ ಹೆಚ್ಚು. ಡಿಸೆಂಬರ್‌ನಲ್ಲಿ ಕೇರಳ ಎದುರು ಹ್ಯಾಟ್ರಿಕ್ ಬೇರೆ. ಆಗ ವಯಸ್ಸು ನಲವತ್ತು. 2025ರ ಮಾರ್ಚ್‌ನಲ್ಲಿ ದೇಶದ ತಂಡ ಅವರನ್ನು ವಾಪಸ್ ಕರೆಯಿತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಬಂದು ಮತ್ತೆ ಗೋಲು ಹೊಡೆದರು.

ಇಲ್ಲಿ ಅಭಿಮಾನಿಗಳ ಜಗಳ ಮತ್ತೆ ಹೊತ್ತಿಕೊಂಡಿತು. ನಲವತ್ತರ ಛೆಟ್ರಿಯನ್ನು ಆಡಿಸಿ ಸರಗೋಸಾ ಹುಡುಗರ ದಾರಿ ಮುಚ್ಚಿದರಾ? ನಾನು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವರಾಡಿದ ಪ್ರತಿ ನಿಮಿಷವೂ ಇನ್ನೊಬ್ಬ ಆಡದ ನಿಮಿಷ, ನಿಜ. ಆದರೆ 14 ಗೋಲು ಹೊಡೆಯುವವರನ್ನು ಯಾವ ಕೋಚ್ ಕೂರಿಸುತ್ತಾರೆ? ಹಿಂದಿನ ವರ್ಷ ಹತ್ತನೆಯದಾಗಿದ್ದ ತಂಡ ಮೂರನೇ ಸ್ಥಾನಕ್ಕೆ ಬಂತು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು ಕಂಠೀರವದಲ್ಲಿ 5-0ಯಿಂದ ಸೋಲಿಸಿತು. ಗೋವಾ ಎದುರಿನ ಸೆಮಿಫೈನಲ್‌ನ ಕೊನೆಗಳಿಗೆಯಲ್ಲಿ ತಂಡವನ್ನು ಫೈನಲ್‌ಗೆ ದಾಟಿಸಿದ್ದು ಛೆಟ್ರಿಯ ಹೆಡರ್. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಮತ್ತೆ ಅದೇ ಎದುರಾಳಿ, ಮತ್ತೆ ಅದೇ ನೋವು.

ಈ ಜಗಳದಲ್ಲಿ ನನ್ನ ಪಕ್ಷ ಹೀಗೆ. ಛೆಟ್ರಿ ಆಡಿದ್ದು ತಪ್ಪಲ್ಲ. ಗೆಲುವು ಖಚಿತವಾದ ಹೊತ್ತಲ್ಲೂ ಎಷ್ಟು ಬೇಗ ಹುಡುಗರು ಮೈದಾನಕ್ಕೆ ಬಂದರು ಅಂತ ನೋಡಬೇಕು. ಈಗ ಒಂದು ಪಂದ್ಯದಲ್ಲಿ ಐದು ಬದಲಾವಣೆ ಮಾಡಬಹುದು. ಹತ್ತು ಪಂದ್ಯಗಳಲ್ಲಿ 85ನೇ ನಿಮಿಷಕ್ಕೆ ಇಳಿದವನ ಹೆಸರಿನ ಮುಂದೆ "10 ಪಂದ್ಯ" ಅಂತ ಬರೆಯುತ್ತಾರೆ. ಆಡಿದ್ದು ಐವತ್ತು ನಿಮಿಷ. ಕೊನೆಗೆ ಸೇರಿಸುವ ನಿಮಿಷಗಳನ್ನು ಕೂಡಿಸಿದರೂ ಹೆಚ್ಚೂಕಡಿಮೆ ಒಂದೇ ಪಂದ್ಯ. ಅದೇ ಹುಡುಗ 60ನೇ ನಿಮಿಷಕ್ಕೆ ಇಳಿದರೆ ಮುನ್ನೂರು ನಿಮಿಷ. ಅಭಿಮಾನಿಗಳು ಎಣಿಸಬೇಕಾದ್ದು ಪಂದ್ಯಗಳನ್ನಲ್ಲ, ನಿಮಿಷಗಳನ್ನು. ಜೊತೆಗೆ ಯಾವ ಜಾಗದಲ್ಲಿ ಆಡಿದ ಅನ್ನುವುದನ್ನು. ಇವತ್ತು ಎಡಬದಿ, ನಾಳೆ ಬಲಬದಿ, ಆಚೆ ವಾರ ನಡುವೆ ಅಂತ ಓಡಾಡಿಸಿದರೆ ಹುಡುಗ ಏನನ್ನೂ ಕಲಿಯುವುದಿಲ್ಲ. ತಪ್ಪು ಮಾಡಿದ ಮುಂದಿನ ಪಂದ್ಯದಲ್ಲಿ ಏನಾಗುತ್ತದೆ ಅನ್ನುವುದಂತೂ ದೊಡ್ಡ ಸುಳಿವು. ಗೋಲು ಬಿಟ್ಟುಕೊಟ್ಟ ಹುಡುಗನನ್ನು ಮುಂದಿನ ವಾರವೂ ಆಡಿಸುವ ಕೋಚ್ ನಿಜವಾಗಿ ನಂಬಿದ್ದಾರೆ. ಒಂದು ತಪ್ಪಿಗೆ ಎರಡು ತಿಂಗಳು ಕಾಣೆಯಾದರೆ ಬಾಯಲ್ಲಿ ಏನು ಹೇಳಿದರೂ ಅಷ್ಟೇ.

ನಮ್ಮೂರ ಹುಡುಗರು ಎಲ್ಲಿ ಅನ್ನುವ ಕೂಗೂ ಇದೇ ಜಗಳದ ಒಳಗೆ ಇದೆ, ಅದು ನ್ಯಾಯವಾದ ಕೂಗು. 2023ರ ಮಾರ್ಚ್ 4ರಂದು, ಫಟೋರ್ಡಾ ಫೈನಲ್‌ಗೆ ಎರಡು ವಾರ ಮುಂಚೆ, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು. ಹಿಂದಿನ ಗೆಲುವು ಮೈಸೂರು ರಾಜ್ಯದ ಹೆಸರಿನಲ್ಲಿ, 54 ವರ್ಷಗಳ ಹಿಂದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತಕ್ಕೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿ ಫುಟ್‌ಬಾಲ್ ಪೂಜಿಸುವ ಬೀದಿಗಳಿವೆ. ಇಂಥ ಊರಿನ ಕ್ಲಬ್‌ನಲ್ಲಿ ಊರಿನವರು ಕಡಿಮೆ ಅಂದರೆ ಹೊಟ್ಟೆ ಉರಿಯುತ್ತದೆ. ಆದರೆ ಇದಕ್ಕೆ ಮುಖ್ಯ ಕೋಚ್‌ನನ್ನು ಬೈದು ಪ್ರಯೋಜನವಿಲ್ಲ. ಅವರ ಕೈಗೆ ಹುಡುಗ ಸಿಗುವಾಗ ಹತ್ತೊಂಬತ್ತು ವರ್ಷ. ಹತ್ತರಿಂದ ಹದಿನೆಂಟರ ತನಕ ವರ್ಷಕ್ಕೆ ಎಷ್ಟು ಒಳ್ಳೆಯ ಪಂದ್ಯ ಆಡಿದ್ದಾನೆ ಅನ್ನುವುದು ಶಾಲೆ, ಬಡಾವಣೆಯ ಕ್ಲಬ್, ಬೆಂಗಳೂರು ಜಿಲ್ಲಾ ಸಂಸ್ಥೆಯ ಲೀಗ್‌ಗಳ ಕೈಲಿದೆ. ಆ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಕ್ಕೆ ಒಂದು ಸಂಜೆ ಅಶೋಕನಗರದ ಮೈದಾನಕ್ಕೆ ಹೋಗಿ ಕೂತರೆ ಆ ಏಣಿಯ ಕೆಳಗಿನ ಮೆಟ್ಟಿಲು ಕಾಣುತ್ತದೆ.

ಆ ಏಣಿ ಹತ್ತಿ ಬಂದವನು ವಿನಿತ್ ವೆಂಕಟೇಶ್. ಬೆಂಗಳೂರಿನ ಹುಡುಗ. 2024ರ ಸೆಪ್ಟೆಂಬರ್ 14, ಸೀಸನ್‌ನಲ್ಲಿ ನಮ್ಮ ಮೊದಲ ಪಂದ್ಯ, ಕಂಠೀರವ, ಎದುರಾಳಿ ಈಸ್ಟ್ ಬೆಂಗಾಲ್. ಸರಗೋಸಾ 19 ವರ್ಷದ ವಿನಿತ್‌ನನ್ನು ಮೊದಲ ಹನ್ನೊಂದರಲ್ಲೇ ಇಳಿಸಿದರು. ಬದಿಯಲ್ಲಿ ಜಾಗ, ಒಳಗೆ ನುಗ್ಗುವ ಕೆಲಸ, ಗೊಂದಲವಿಲ್ಲ. ಮೊದಲ ಅರ್ಧದಲ್ಲೇ ಗೋಲು. 1-0, ಅದೇ ಕೊನೆಯ ಸ್ಕೋರ್. ಎದುರು ಬದಿಯ ಬೆಂಚಿನ ಮುಂದೆ ಈಸ್ಟ್ ಬೆಂಗಾಲ್ ಕೋಚ್ ಆಗಿ ನಿಂತಿದ್ದವರು ಕಾರ್ಲೆಸ್ ಕ್ವಾದ್ರಾತ್. ನಮಗೆ ಐಎಸ್‌ಎಲ್ ಗೆದ್ದುಕೊಟ್ಟವರು, ಸುರೇಶ್‌ಗೆ ಮೊದಲು ಜಾಗ ಕೊಟ್ಟವರು. ಅವರು ಹೋಗಿ ಮೂರೂವರೆ ವರ್ಷ ಕಳೆದಿತ್ತು.